ಟಂಟಂ ತುಂಬುವ ಲೆಕ್ಕ: ನೆಟ್‌ವರ್ಕ್ ಹೊರಪರಿಣಾಮ ಅಂದರೇನು?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಟಂಟಂ, ಅಂದರೆ ಜನ ತುಂಬಿದ ಮೇಲಷ್ಟೇ ಹೊರಡುವ ಶೇರ್ ಆಟೊ, ಹತ್ತಿದವರಿಗೆಲ್ಲ ಒಂದು ವಿಷಯ ಗೊತ್ತು. ಮೊದಲು ಹತ್ತಿದವರೇ ಜಾಸ್ತಿ ಕಾಯಬೇಕು. ಕೊನೆಯವರು ಒಂದು ಕಾಲು ಒಳಗಿಟ್ಟರು ಅನ್ನುವಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಇಬ್ಬರೂ ಕೊಡುವ ದುಡ್ಡು ಮಾತ್ರ ಒಂದೇ.

ಆ ಕೊನೆಯ ಪ್ರಯಾಣಿಕನನ್ನು ಸ್ವಲ್ಪ ಗಮನಿಸಿ. ಅವನು ಹತ್ತಿದ್ದು ತನ್ನ ಕೆಲಸಕ್ಕೆ. ಆದರೆ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತಿದ್ದವರಿಗೆಲ್ಲ ಅವನಿಂದ ಲಾಭವಾಯಿತು. ಅದಕ್ಕೆ ಯಾರೂ ಅವನಿಗೆ ಏನೂ ಕೊಡಲಿಲ್ಲ, ಅವನು ಕೇಳಲೂ ಇಲ್ಲ. ಅದೇ ಅವನು ಖಾಲಿ ಗಾಡಿ ನೋಡಿ, 'ಇದು ಸದ್ಯಕ್ಕೆ ಹೋಗಲ್ಲ' ಅಂತ ಸಿಟಿ ಬಸ್ಸಿನ ಕಡೆ ನಡೆದಿದ್ದರೆ? ಕೂತವರ ಕಾಯುವಿಕೆ ಇನ್ನಷ್ಟು ಬೆಳೆಯುತ್ತಿತ್ತು. ಆ ನಷ್ಟವನ್ನೂ ಅವನು ತುಂಬಿಕೊಡಬೇಕಿಲ್ಲ.

ಹೀಗೆ ಒಬ್ಬರ ನಿರ್ಧಾರದಿಂದ ಬೇರೆಯವರಿಗೆ ಆದ ಲಾಭ ಅಥವಾ ನಷ್ಟ ಯಾರ ಲೆಕ್ಕದ ಪುಸ್ತಕಕ್ಕೂ ಬರದೆ ಹೊರಗೇ ಉಳಿದರೆ, ಅರ್ಥಶಾಸ್ತ್ರದಲ್ಲಿ ಅದನ್ನು ಎಕ್ಸ್‌ಟರ್ನಾಲಿಟಿ ಅನ್ನುತ್ತಾರೆ. ನಾನು ಹೊರಪರಿಣಾಮ ಅಂತ ಕರೆಯುತ್ತೇನೆ. ಎಷ್ಟು ಜನ ಸೇರಿದ್ದಾರೆ ಅನ್ನುವುದರಿಂದಲೇ ಅದು ಹುಟ್ಟಿದ್ದರೆ, ಅದು ನೆಟ್‌ವರ್ಕ್ ಹೊರಪರಿಣಾಮ. ಹರ್ಬರ್ಟ್ ಮೋಹ್ರಿಂಗ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1972ರಲ್ಲಿ ಬಸ್ಸಿನ ಬಗ್ಗೆ ಇಂಥದ್ದೇ ಲೆಕ್ಕ ಹಾಕಿದ್ದ. ಜನ ಜಾಸ್ತಿಯಾದರೆ ಬಸ್ಸು ಜಾಸ್ತಿ ಓಡುತ್ತವೆ, ಬಸ್ಸು ಜಾಸ್ತಿಯಾದರೆ ಎಲ್ಲರ ಕಾಯುವಿಕೆ ಕಡಿಮೆಯಾಗುತ್ತದೆ. ನಮ್ಮ ಟಂಟಂ ಡ್ರೈವರ್‌ಗಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಈ ವಿಷಯ ಈಗ ತಲೆಗೆ ಹತ್ತಲು ಕಾರಣ ನನ್ನ ತಂಗಿಯ ಮಗಳು. ಎಂ.ಎ. ಅರ್ಥಶಾಸ್ತ್ರದ ಕೊನೆಯ ವರ್ಷ. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದಳು.

"ಮಾಮಾ, ಪ್ರಾಜೆಕ್ಟಿಗೆ ಟಾಪಿಕ್ ಸಿಕ್ತ್ರೀ. ನೆಟ್‌ವರ್ಕ್ ಎಕ್ಸ್‌ಟರ್ನಾಲಿಟಿ. ಯುಪಿಐ ಮ್ಯಾಲೆ ಮಾಡ್ತೀನಿ. ಗೂಗಲ್ ಫಾರ್ಮ್ ರೆಡಿ ಅದ. ನಮ್ಮ ಗ್ರೂಪ್‌ಗಳಿಗೆ ಹಾಕಿದ್ರ ಎಲ್ಲಾರೂ ತುಂಬ್ತಾರ."

ಫಾರ್ಮ್ ನೋಡಿದೆ. ಯಾವ ಆ್ಯಪ್ ಬಳಸುತ್ತೀರಿ? ದಿನಕ್ಕೆ ಎಷ್ಟು ಸಲ? ನಿಮಗೆ ತೃಪ್ತಿ ಇದೆಯೇ? ಪ್ರಶ್ನೆಗಳು ನೀಟಾಗಿದ್ದವು. ಆದರೆ ಅದರಲ್ಲಿ ನೆಟ್‌ವರ್ಕ್ ಇತ್ತು, ಹೊರಪರಿಣಾಮ ಇರಲಿಲ್ಲ. ಬಳಸುವವರ ತಲೆ ಎಣಿಸಿದರೆ ಅದು ಜನಗಣತಿ. ಒಬ್ಬರು ಸೇರಿದ್ದರಿಂದ ಇನ್ನೊಬ್ಬರಿಗೆ ಏನಾಯಿತು ಅಂತ ಕೇಳಿದಾಗ ಮಾತ್ರ ಈ ವಿಷಯ ಶುರುವಾಗುತ್ತದೆ. ಹಾಗಂತ ಅವಳಿಗೆ ಹೇಳಿದೆ. ಮುಖ ಸಣ್ಣದಾಯಿತು. ಚಹಾ ಕುಡಿಯುತ್ತ ಮೊದಲಿಂದ ಶುರು ಮಾಡಿದೆವು.

ಎಲ್ಲರೂ ಫೋನಿನಿಂದಲೇ ಶುರು ಮಾಡುತ್ತಾರೆ, ನಾವೂ ಹಾಗೇ ಮಾಡಿದೆವು. ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿಯ ಮುಖ್ಯಸ್ಥನಾಗಿದ್ದ ಥಿಯೋಡರ್ ವೇಲ್ 1908ರ ವಾರ್ಷಿಕ ವರದಿಯಲ್ಲೇ ಇದನ್ನು ಬರೆದಿದ್ದ. ಆ ತುದಿಯಲ್ಲಿ ಇನ್ನೊಂದು ಫೋನ್ ಇಲ್ಲದಿದ್ದರೆ ಈ ತುದಿಯ ಫೋನ್ ಕೆಲಸಕ್ಕೆ ಬಾರದ ವಸ್ತು ಅನ್ನುವುದು ಅವನ ಮಾತಿನ ಸಾರ. ಅಕ್ಕಿ ಹಾಗಲ್ಲ. ಓಣಿಯಲ್ಲಿ ಬೇರೆ ಯಾರೂ ಅನ್ನ ಉಣ್ಣದಿದ್ದರೂ ನನ್ನ ತಟ್ಟೆಯ ಅನ್ನದ ರುಚಿ ಕೆಡುವುದಿಲ್ಲ. ಫೋನಿನ ಬೆಲೆ ಮಾತ್ರ ಬೇರೆಯವರ ಮನೆಯಲ್ಲಿರುತ್ತದೆ.

ಲೆಕ್ಕ ಸುಲಭ. 10 ಫೋನ್ ಇದ್ದರೆ 45 ಜೋಡಿಗಳು ಮಾತಾಡಬಹುದು. 20 ಆದರೆ 190 ಜೋಡಿ. 100 ಆದರೆ 4,950. ಫೋನು ಹತ್ತು ಪಟ್ಟು ಬೆಳೆದರೆ ಜೋಡಿಗಳು ನೂರು ಪಟ್ಟಿಗಿಂತ ಜಾಸ್ತಿ ಬೆಳೆಯುತ್ತವೆ. ಈಥರ್ನೆಟ್ ಕಂಡುಹಿಡಿದವರಲ್ಲಿ ಒಬ್ಬರಾದ ರಾಬರ್ಟ್ ಮೆಟ್‌ಕಾಫ್ ಹೆಸರಿನಲ್ಲಿ ಇದನ್ನು ಒಂದು ನಿಯಮ ಅಂತಲೇ ಕರೆಯುತ್ತಾರೆ. ನೆಟ್‌ವರ್ಕಿನ ಬೆಲೆ, ಅಂದರೆ ಮೌಲ್ಯ, ಸದಸ್ಯರ ಸಂಖ್ಯೆಯ ವರ್ಗದಂತೆ ಏರುತ್ತದೆ ಅನ್ನುವುದು ಆ ನಿಯಮ.

ನನಗೆ ಈ ನಿಯಮದ ಮೇಲೆ ಅಷ್ಟು ನಂಬಿಕೆಯಿಲ್ಲ. 4,950 ಜೋಡಿಗಳಲ್ಲಿ ಎಷ್ಟು ಜೋಡಿ ನಿಜವಾಗಿ ಮಾತಾಡುತ್ತವೆ? ನನ್ನ ಫೋನಿನಲ್ಲಿ ನೂರಾರು ನಂಬರ್ ಇವೆ. ವಾರದಲ್ಲಿ ಮಾತಾಡುವುದು ತಂಗಿ, ಹಾಲಿನವನು, ಇಬ್ಬರು ಹಳೇ ಗೆಳೆಯರು, ಮತ್ತೆ ಲೋನ್ ಬೇಕಾ ಅಂತ ಕೇಳುವ ಯಾರೋ ಒಬ್ಬಳು. 2006ರಲ್ಲಿ ಬ್ರಿಸ್ಕೋ, ಒಡ್ಲಿಜ್ಕೊ ಮತ್ತು ಟಿಲ್ಲಿ ಎಂಬ ಮೂವರು ಇದೇ ತಕರಾರು ತೆಗೆದರು. ಎಲ್ಲ ಕೊಂಡಿಗಳಿಗೂ ಒಂದೇ ಬೆಲೆ ಅಂತ ಹಿಡಿದದ್ದೇ ತಪ್ಪು, ಬೆಲೆ ಏರುವುದು ಅದಕ್ಕಿಂತ ಎಷ್ಟೋ ನಿಧಾನ ಅಂದರು. ದೇಶದಲ್ಲಿ ಕೋಟಿಗಟ್ಟಲೆ ಜನ ಯುಪಿಐ ಬಳಸಲಿ. ನಮ್ಮ ಓಣಿಗೆ ಬರುವ ತರಕಾರಿ ಗಾಡಿಯವನು ಇಟ್ಟುಕೊಂಡಿಲ್ಲ ಅಂದರೆ ನನಗೆ ಅದರಿಂದ ಏನು? ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಇದು ಒಳ್ಳೆಯ ಸುದ್ದಿ. ದೇಶದ ಅಂಕಿ ಅಂಶ ಬೇಕಾಗಿಲ್ಲ, ಒಂದು ಓಣಿ ಸಾಕು.

ಇನ್ನು ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಒಳ್ಳೆಯ ವಸ್ತುವೊಂದು ಯಾಕೆ ಎದ್ದೇಳುವುದಿಲ್ಲ?

ಎಟಿ ಆ್ಯಂಡ್ ಟಿ ಕಂಪನಿಯೇ 1970ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಪಿಕ್ಚರ್‌ಫೋನ್ ಅಂತ ಮಾರಾಟಕ್ಕೆ ತಂದಿತ್ತು. ಮುಖ ನೋಡಿಕೊಂಡು ಮಾತಾಡುವ ಫೋನ್. ಈಗಿನ ವಿಡಿಯೊ ಕಾಲ್‌ನ ಅಜ್ಜ ಅನ್ನಿ. ಯಂತ್ರ ಕೆಲಸ ಮಾಡುತ್ತಿತ್ತು, ಆದರೆ ದುಬಾರಿ. ಕೊಂಡವನಿಗೆ ಮುಖ ತೋರಿಸಲು ಆ ತುದಿಯಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲ ಅಂತ ಬೇರೆಯವರು ಕೊಳ್ಳಲಿಲ್ಲ. ಅವರು ಕೊಳ್ಳಲಿಲ್ಲ ಅಂತ ಕೊಂಡವರೂ ಬಿಟ್ಟರು. ಅದೇ ಕಂಪನಿಯ ಬೆಲ್ ಲ್ಯಾಬ್ಸ್‌ನಲ್ಲಿದ್ದ ಜೆಫ್ರಿ ರೋಲ್ಫ್ಸ್ 1974ರಲ್ಲಿ ಇದರ ಹಿಂದಿನ ಲೆಕ್ಕವನ್ನು ಬರೆದ. ಒಂದೇ ವಸ್ತು, ಒಂದೇ ಬೆಲೆ, ಅದೇ ಜನ. ಆದರೂ ಕಥೆ ಎರಡು ರೀತಿ ಮುಗಿಯಬಹುದು. ಒಂದೋ ಯಾರೂ ಇಲ್ಲ, ಇಲ್ಲವೇ ಬಹುಪಾಲು ಎಲ್ಲರೂ. ನಡುವೆ ಒಂದು ಗಡಿ ಇರುತ್ತದೆ. ಅದನ್ನು ದಾಟಿದರೆ ತಾನಾಗಿ ಬೆಳೆಯುತ್ತದೆ, ದಾಟದಿದ್ದರೆ ತಾನಾಗಿ ಕರಗುತ್ತದೆ.

ಗಡಿ ದಾಟುವುದು ಎಷ್ಟು ಸೂಕ್ಷ್ಮ ಅಂತ ತೋರಿಸಿದ್ದು ಅರ್ಥಶಾಸ್ತ್ರದವರಲ್ಲ, ಸಮಾಜಶಾಸ್ತ್ರದ ಮಾರ್ಕ್ ಗ್ರಾನೊವೆಟರ್. 1978ರಲ್ಲಿ ಅವರು ಒಂದು ಗಲಭೆಯ ಉದಾಹರಣೆ ಕೊಟ್ಟರು. ನಾನು ಅದನ್ನು ಹಾಸ್ಟೆಲ್‌ಗೆ ತಂದು ಹೇಳಿದೆ.

ಹಾಸ್ಟೆಲಿನ ಒಂದು ಸಾಲಿನಲ್ಲಿ 10 ಹುಡುಗಿಯರು. ಹೊಸ ಮೆಸೇಜ್ ಆ್ಯಪ್ ಒಂದು ಬಂದಿದೆ. ಮೊದಲನೆಯವಳು ಯಾರಿದ್ದರೂ ಇಲ್ಲದಿದ್ದರೂ ಹಾಕಿಕೊಳ್ಳುವವಳು. ಎರಡನೆಯವಳು ಒಬ್ಬರಾದರೂ ಇದ್ದರೆ ಹಾಕಿಕೊಳ್ಳುತ್ತಾಳೆ. ಮೂರನೆಯವಳಿಗೆ ಇಬ್ಬರು ಬೇಕು. ಹೀಗೆ ಹತ್ತನೆಯವಳಿಗೆ ಉಳಿದ 9 ಮಂದಿಯೂ ಬೇಕು. ಏನಾಗುತ್ತದೆ? ಮೊದಲನೆಯವಳು ಹಾಕಿಕೊಂಡಳು. ಅವಳನ್ನು ನೋಡಿ ಎರಡನೆಯವಳು. ಇಬ್ಬರಾದರು ಅಂತ ಮೂರನೆಯವಳು. ರಾತ್ರಿ ಊಟದ ಹೊತ್ತಿಗೆ 10 ಮಂದಿಯೂ ಅದರಲ್ಲೇ.

ಈಗ ಒಂದೇ ಒಂದು ಬದಲಾವಣೆ ಮಾಡೋಣ. ಎರಡನೆಯವಳು ಸ್ವಲ್ಪ ಅಂಜುಬುರುಕಿ. ಅವಳಿಗೆ ಒಬ್ಬರು ಸಾಲದು, ಇಬ್ಬರು ಬೇಕು. ಮೊದಲನೆಯವಳು ಹಾಕಿಕೊಂಡಳು. ಎರಡನೆಯವಳು ಕಾಯುತ್ತಾಳೆ, ಮೂರನೆಯವಳೂ ಕಾಯುತ್ತಾಳೆ. ಅಲ್ಲಿಗೆ ಮುಗಿಯಿತು. 10 ಮಂದಿಯಲ್ಲಿ ಒಬ್ಬಳೇ. ಎಷ್ಟು ಮಂದಿ ಬೇಕು ಅನ್ನುವ ಆ 10 ಹುಡುಗಿಯರ ಸರಾಸರಿ ಹೆಚ್ಚು ಕಡಿಮೆ ಮೊದಲಿನಷ್ಟೇ ಇದೆ: 4.5 ಇದ್ದದ್ದು 4.6 ಆಗಿದೆ. ಫಲ ಮಾತ್ರ ತಲೆಕೆಳಗು.

ತಂಗಿಯ ಮಗಳು ಇದನ್ನು ಕಾಗದದ ಮೇಲೆ ಎರಡು ಸಲ ಮಾಡಿ ನೋಡಿದಳು. "ಅಂದ್ರ, ನಿಮಗೆ ಇಷ್ಟ ಅದನೋ ಇಲ್ಲೋ ಅಂತ ಕೇಳಿದ್ರ ಉಪಯೋಗಿಲ್ಲ. ಎಷ್ಟು ಮಂದಿ ಇದ್ರ ನೀವು ಸೇರ್ತೀರಿ ಅಂತ ಕೇಳಬೇಕು?" ಹೌದು. ಫಾರ್ಮಿನ ಮೂರನೇ ಪ್ರಶ್ನೆ ಅವತ್ತೇ ಅಳಿಸಿ ಹೋಯಿತು.

2021ರ ಜನವರಿಯಲ್ಲಿ ವಾಟ್ಸಾಪ್ ತನ್ನ ಪ್ರೈವಸಿ ನಿಯಮ ಬದಲಿಸುತ್ತದೆ ಅಂತ ಗಲಾಟೆ ಆದದ್ದು ನೆನಪಿದೆ ಅಲ್ವಾ? ನಮ್ಮ ಗೆಳೆಯರ ಬಳಗವೂ ಸಿಗ್ನಲ್ ಎಂಬ ಮೆಸೇಜ್ ಆ್ಯಪ್‌ಗೆ ಹೋಯಿತು. ಗ್ರೂಪ್ ಮಾಡಿದೆವು, ಎರಡು ದಿನ ಗುಡ್ ಮಾರ್ನಿಂಗ್ ಹಾಕಿದೆವು. ಮದುವೆ ಕರೆಯೋಲೆಗಳು ಮಾತ್ರ ಹಳೇ ಗ್ರೂಪಿಗೇ ಬರುತ್ತಿದ್ದವು. ಮೂರನೇ ದಿನ ಎಲ್ಲರೂ ವಾಪಸ್. ಯಾವ ಆ್ಯಪ್ ಒಳ್ಳೆಯದು ಅನ್ನುವುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಅದೇ ತಿಂಗಳು ನಮ್ಮ ದೇಶದ್ದೇ ಆದ ಹೈಕ್ ಮೆಸೆಂಜರ್ ಬಾಗಿಲು ಮುಚ್ಚಿತು.

ಹಾಗಾದರೆ ಗಡಿ ದಾಟಿಸುವುದು ಹೇಗೆ? ಮೊದಲು ಬಂದವರ ನಷ್ಟವನ್ನು ಯಾರಾದರೂ ತುಂಬಿಕೊಡಬೇಕು. 2017ರ ಸೆಪ್ಟೆಂಬರ್‌ನಲ್ಲಿ ಗೂಗಲ್ 'ತೇಜ್' ಅಂತ ಆ್ಯಪ್ ತಂದಿತು, ಮುಂದೆ ಅದೇ ಗೂಗಲ್ ಪೇ ಆಯಿತು. ಆಗ ಸ್ಕ್ರ್ಯಾಚ್ ಕಾರ್ಡ್ ಕೆರೆದು ಕೆರೆದು ಎಷ್ಟು ಖುಷಿಪಟ್ಟೆವು. ಅದು ದಾನವಲ್ಲ. ಖಾಲಿ ಟಂಟಂ ಮೊದಲು ಹತ್ತಿ ಕೂತದ್ದಕ್ಕೆ ಕೊಟ್ಟ ಕೂಲಿ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಪರೀಕ್ಷೆಯಲ್ಲಿ ಇದನ್ನೇ ಗೊಂದಲ ಮಾಡಿಕೊಳ್ಳುತ್ತಾರೆ. ಜನ ಹೆಚ್ಚಾದಂತೆ ವಸ್ತುವಿನ ಮೌಲ್ಯ ಏರುವುದೆಲ್ಲ ನೆಟ್‌ವರ್ಕ್ ಪರಿಣಾಮ. ಅದೆಲ್ಲವೂ ಹೊರಪರಿಣಾಮ ಅಲ್ಲ. ಕಂಪನಿಯೇ ಕೂಲಿ ಕೊಟ್ಟು ಸೇರಿಸಿಕೊಂಡರೆ ಆ ಲಾಭ ಲೆಕ್ಕದ ಒಳಗೆ ಬಂತು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಉಳಿದದ್ದು ಮಾತ್ರ ಹೊರಗಿನದು. ಲೀಬೊವಿಟ್ಜ್ ಮತ್ತು ಮಾರ್ಗೊಲಿಸ್ ಎಂಬ ಇಬ್ಬರು 1994ರಲ್ಲಿ ಈ ಗೆರೆಯನ್ನು ಬಹಳ ಖಡಕ್ಕಾಗಿ ಎಳೆದರು. ಅವರ ಉಳಿದ ಅಭಿಪ್ರಾಯಗಳೆಲ್ಲ ನನಗೆ ಒಪ್ಪಿಗೆಯಿಲ್ಲ. ಮಾರುಕಟ್ಟೆ ಎಲ್ಲವನ್ನೂ ಸರಿಮಾಡಿಕೊಳ್ಳುತ್ತದೆ ಅನ್ನುವ ಭರವಸೆ ಅವರಿಗೆ ಜಾಸ್ತಿ. ಆದರೆ ಈ ಗೆರೆ ಸರಿಯಾದದ್ದು.

ಕೆಲವು ಸಲ ಕೂಲಿ ಕೊಡುವ ಕಂಪನಿಯೂ ಬೇಡ, ಹೊರಗಿನ ಒಂದು ಏಟೇ ಸಾಕು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟು ರದ್ದಾದವು. ಎಲ್ಲರೂ ಒಟ್ಟಿಗೆ ಒಂದೇ ದಿಕ್ಕಿಗೆ ನೂಕಿಸಿಕೊಂಡರು. ಕ್ರೂಜೆ, ಗುಪ್ತಾ ಮತ್ತು ಮೆಜ್ಜನೊಟ್ಟಿ ಎಂಬ ಸಂಶೋಧಕರು ಇದನ್ನೇ ಹಿಡಿದು ಭಾರತದ ಜಿಲ್ಲೆಗಳನ್ನು ಹೋಲಿಸಿದರು. ನಗದಿನ ಕೊರತೆ ಜಾಸ್ತಿಯಾದ ಕಡೆ ಡಿಜಿಟಲ್ ಪಾವತಿ ಜಾಸ್ತಿಯಾದದ್ದು ಆಶ್ಚರ್ಯವಲ್ಲ. ನೋಟು ವಾಪಸ್ ಬಂದ ಮೇಲೂ ಅದು ಇಳಿಯದೆ ಉಳಿದದ್ದು ಮುಖ್ಯ. ತಾತ್ಕಾಲಿಕ ನೂಕು, ಆದರೆ ಗಡಿ ದಾಟಿಯಾಗಿತ್ತು.

ಹಿಮ್ಮುಖ ನೂಕೂ ಇದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಹಾಳೆ ಕಿತ್ತು 'ನಗದು ಮಾತ್ರ' ಅಂತ ಬೋರ್ಡು ಬಿತ್ತು. ಒಬ್ಬ ತೆಗೆದದ್ದನ್ನು ನೋಡಿ ಪಕ್ಕದವನು ತೆಗೆದ. ಹಾಸ್ಟೆಲಿನ ಲೆಕ್ಕವೇ, ತಿರುಗಿಸಿ ಬರೆದದ್ದು.

ನೆಟ್‌ವರ್ಕ್ ಅಂದಕೂಡಲೇ ಫೋನು, ಆ್ಯಪ್ಪು ಅನ್ನುವುದು ಬೇಡ. ನಮ್ಮ ಗಂಜ್, ಅಂದರೆ ಕಾಳುಕಡಿ ಮಾರುಕಟ್ಟೆ, ನೋಡಿ. ಸುಗ್ಗಿ ಮುಗಿದ ಮೇಲೆ ಆಳಂದ, ಜೇವರ್ಗಿ, ಚಿತ್ತಾಪುರ, ಸೇಡಂ ಕಡೆಯಿಂದ ತೊಗರಿ ಚೀಲ ಇಲ್ಲಿಗೆ ಯಾಕೆ ಬರುತ್ತವೆ? ಕೊಳ್ಳುವವರು ಇಲ್ಲಿದ್ದಾರೆ ಅಂತ. ದಾಲ್ ಮಿಲ್ಲಿನವರು, ವ್ಯಾಪಾರಿಗಳು ಇಲ್ಲಿಗೆ ಯಾಕೆ ಬರುತ್ತಾರೆ? ಚೀಲ ಇಲ್ಲಿಗೆ ಬರುತ್ತವೆ ಅಂತ. ಇದು ಎರಡು ಕಡೆಯ ನೆಟ್‌ವರ್ಕ್. ರೈತನಿಗೆ ಇನ್ನೊಬ್ಬ ರೈತ ಬಂದರೆ ನೇರ ಲಾಭವಿಲ್ಲ, ಆ ದಿನ ದರ ಇಳಿಯಬಹುದು ಕೂಡ. ಆದರೆ ರೈತರು ಹೆಚ್ಚು ಬಂದರೆ ಕೊಳ್ಳುವವರು ಹೆಚ್ಚುತ್ತಾರೆ, ಅವರು ಹೆಚ್ಚಿದರೆ ಹರಾಜಿನಲ್ಲಿ ಪೈಪೋಟಿ ಏಳುತ್ತದೆ. 2019ರಲ್ಲಿ ಕಲಬುರಗಿ ತೊಗರಿಗೆ ಈ ನೆಲದ್ದೇ ಬೆಳೆ ಅಂತ ಗುರುತಿಸುವ ಜಿಐ ಟ್ಯಾಗ್ ಸಿಕ್ಕಿತು, ಒಳ್ಳೆಯದೇ. ಆದರೆ ಈ ಮಣ್ಣಿನ ತೊಗರಿಗೆ ಇಲ್ಲಿ ಬೆಲೆ ನಿಲ್ಲುವುದು ಎರಡೂ ಕಡೆಯವರು ಒಂದೇ ಜಾಗಕ್ಕೆ ಬರುತ್ತಾರೆ ಅನ್ನುವ ಹಳೇ ನಂಬಿಕೆಯಿಂದ.

ಇಂಥ ಎರಡು ಕಡೆಯ ಮಾರುಕಟ್ಟೆಯ ಲೆಕ್ಕವನ್ನು ಜೀನ್ ಷಾರ್ಲ್ ರೋಷೆ ಮತ್ತು ಜೀನ್ ತಿರೋಲ್ 2003ರಲ್ಲಿ ಬಿಡಿಸಿ ಬರೆದರು. ತಿರೋಲ್‌ಗೆ 2014ರಲ್ಲಿ ನೊಬೆಲ್ ಬಂತು. ಯಾವ ಕಡೆಯವರು ಬಂದರೆ ಇನ್ನೊಂದು ಕಡೆ ತಾನಾಗಿ ಬರುತ್ತದೋ, ಅವರಿಗೆ ದರ ಕಡಿಮೆ ಇಡಬೇಕು ಅನ್ನುವುದು ಅದರ ಒಂದು ಮುಖ್ಯ ಮಾತು. ಊರ ಸಂತೆಯಲ್ಲಿ ಕೊಳ್ಳಲು ಬಂದವರಿಗೆ ಪ್ರವೇಶ ಪುಕ್ಕಟೆ, ಮಾರಲು ಕೂತವರಿಗೆ ಮಾತ್ರ ಜಾಗದ ಕರ. ಇದನ್ನು ನೊಬೆಲ್‌ಗಿಂತ ಮೊದಲೇ ನಮ್ಮ ಹಿರಿಯರು ಮಾಡುತ್ತಿದ್ದರು.

ಆದರೆ ಗಂಜ್‌ನಲ್ಲಿ ಒಂದು ಎಚ್ಚರಿಕೆ. ರೈತ ಅದೇ ಅಡತಿ ಅಂಗಡಿಗೆ ಮತ್ತೆ ಮತ್ತೆ ಹೋಗುವುದನ್ನೆಲ್ಲ ನೆಟ್‌ವರ್ಕ್ ಅನ್ನಬೇಡಿ. ಬಿತ್ತನೆ ಕಾಲಕ್ಕೆ ಮುಂಗಡ ತಂದಿರುತ್ತಾನೆ, ಅದಕ್ಕೇ ಹೋಗುತ್ತಾನೆ. ಅದು ಸಾಲದ ಕಟ್ಟು, ಬೇರೆ ಗಂಟು.

ಇನ್ನು ಹಳಿಯ ಕಥೆ. ನಮ್ಮ ಊರಿನ ಮುಂಬೈ–ಮದ್ರಾಸ್ ದಾರಿ ಬ್ರಾಡ್ ಗೇಜ್, ಎರಡು ಹಳಿಗಳ ನಡುವೆ 1,676 ಮಿಲಿಮೀಟರ್. ಪಕ್ಕದ ವಿಜಯಪುರದ ಮೇಲೆ ಹೋಗುವ ಗದಗ–ಸೊಲ್ಲಾಪುರ ದಾರಿ ಮಾತ್ರ ಬಹಳ ಕಾಲ ಮೀಟರ್ ಗೇಜ್, 1,000 ಮಿಲಿಮೀಟರ್. ಎರಡೂ ರೈಲೇ, ಎರಡೂ ಓಡುತ್ತಿದ್ದವು. ಆದರೆ ಒಂದರ ಡಬ್ಬಿ ಇನ್ನೊಂದರ ಮೇಲೆ ಹೋಗುತ್ತಿರಲಿಲ್ಲ. ಸೇರುವ ಕಡೆ ಮಾಲು ಇಳಿಸಿ ಮತ್ತೆ ಏರಿಸಬೇಕು. ಹಳಿ ಇದ್ದೂ ನೆಟ್‌ವರ್ಕ್ ಎರಡು ತುಂಡು. 1992ರಲ್ಲಿ ರೈಲ್ವೆ ಎಲ್ಲ ಗೇಜುಗಳನ್ನೂ ಒಂದೇ ಮಾಡುವ ಯೋಜನೆ ಕೈಗೆತ್ತಿಕೊಂಡದ್ದು ಇದಕ್ಕೇ. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ಹಳಿ ತೆರೆದಾಗ ಲಾಭ ಬೀದರ್, ಹುಮನಾಬಾದ್, ಕಲಬುರಗಿಗೆ ಮಾತ್ರ ಆಗಲಿಲ್ಲ. ಆ ಕಡೆಯ ಪ್ರತಿ ಸ್ಟೇಷನ್ನಿಗೂ ಈ ಕಡೆಯ ಪ್ರತಿ ಸ್ಟೇಷನ್ ಹತ್ತಿರವಾಯಿತು.

ಯುಪಿಐ ಗೆದ್ದದ್ದು ಇದೇ ಪಾಠದಿಂದ. ಗೇಜ್ ಒಂದೇ, ಡಬ್ಬಿ ಯಾರದ್ದಾದರೂ ಇರಲಿ. ಮೈಕೆಲ್ ಕಾಟ್ಜ್ ಮತ್ತು ಕಾರ್ಲ್ ಶಪೀರೊ 1985ರಲ್ಲೇ ಬರೆದಂತೆ, ಬೇರೆ ಬೇರೆ ಕಂಪನಿಯ ವಸ್ತುಗಳು ಒಂದಕ್ಕೊಂದು ಹೊಂದಿಕೊಂಡರೆ ನೆಟ್‌ವರ್ಕಿನ ಲಾಭ ಯಾರೊಬ್ಬರ ಸ್ವತ್ತೂ ಆಗುವುದಿಲ್ಲ. ನನ್ನ ಆ್ಯಪ್ ಯಾವುದು, ಅಂಗಡಿಯವನದು ಯಾವುದು, ದುಡ್ಡಿಗೆ ಅದರ ಹಂಗಿಲ್ಲ. 2023ರ ಆಗಸ್ಟ್‌ನಲ್ಲಿ ಯುಪಿಐ ಮೊದಲ ಸಲ ಒಂದೇ ತಿಂಗಳಲ್ಲಿ 1,000 ಕೋಟಿ ವಹಿವಾಟು ದಾಟಿತು.

ಇಲ್ಲೇ ಒಂದು ಒಳ್ಳೆಯ ಒಗಟು ಇದೆ. ಎಲ್ಲ ಆ್ಯಪ್‌ಗಳೂ ಒಂದಕ್ಕೊಂದು ಹೊಂದುತ್ತವೆ ಅಂದಮೇಲೆ, ನನ್ನ ಗೆಳೆಯ ಯಾವ ಆ್ಯಪ್ ಇಟ್ಟಿದ್ದಾನೆ ಅನ್ನುವುದು ನನಗೆ ಮುಖ್ಯವಾಗಬಾರದು. ಆದರೂ ಫೋನ್‌ಪೇ ಮತ್ತು ಗೂಗಲ್ ಪೇ ಎರಡೇ ಸೇರಿ ಸುಮಾರು ಶೇ 80ರಷ್ಟು ವಹಿವಾಟು ನಡೆಸುತ್ತವೆ. ಯಾವ ಆ್ಯಪ್‌ನ ಪಾಲೂ ಶೇ 30 ದಾಟಬಾರದು ಅಂತ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2020ರಲ್ಲಿ ಹೇಳಿ, ಗಡುವನ್ನು 2026ರ ಡಿಸೆಂಬರ್ ಕೊನೆಯವರೆಗೆ ಮುಂದೂಡುತ್ತ ಬಂದಿದೆ. ನೆಟ್‌ವರ್ಕ್ ಕಾರಣವಲ್ಲದಿದ್ದರೆ ಮತ್ತೇನು? ಅಭ್ಯಾಸ, ಮೊದಲು ಖರ್ಚು ಮಾಡಿದ ಕ್ಯಾಶ್‌ಬ್ಯಾಕ್, ಅಂಗಡಿಯಲ್ಲಿ ಕೂಗುವ ಸೌಂಡ್‌ಬಾಕ್ಸ್, 'ಇದರಲ್ಲಿ ದುಡ್ಡು ಸಿಕ್ಕಿಹಾಕಿಕೊಳ್ಳಲ್ಲ' ಅನ್ನುವ ನಂಬಿಕೆ. ನನ್ನ ಪ್ರಕಾರ ವಿದ್ಯಾರ್ಥಿಗೆ ಒಂದು ಇಡೀ ಪ್ರಾಜೆಕ್ಟ್ ಇಲ್ಲಿದೆ. ದೊಡ್ಡದಾದದ್ದೆಲ್ಲ ನೆಟ್‌ವರ್ಕಿನಿಂದಲೇ ದೊಡ್ಡದಾಯಿತು ಅನ್ನುವ ಸೋಮಾರಿ ವಾದಕ್ಕೆ ಇದು ಒಳ್ಳೆಯ ಔಷಧ.

ಹೊಂದಾಣಿಕೆ ಇಲ್ಲದಿದ್ದರೆ ಏನಾಗುತ್ತದೆ ಅಂತ ನೋಡಲು ಯಾವುದೇ ಡಿಟಿಪಿ ಅಂಗಡಿಗೆ ಹೋಗಿ. ಇದು ನನ್ನ ಹಳೇ ಗಾಯ. ವರ್ಷಗಳ ಹಿಂದೆ ಒಂದು ಲೇಖನವನ್ನು 'ನುಡಿ' ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಸಿ ಪೆನ್‌ಡ್ರೈವ್‌ನಲ್ಲಿ ತಂದೆ. ಮನೆಯ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಮೇಲೆ ಕೆಳಗೆ ಚುಕ್ಕಿ. ಆ ಫಾಂಟ್ ಇಲ್ಲದ ಕಡೆ ಕನ್ನಡ ಕನ್ನಡವಾಗಿ ಇರುವುದಿಲ್ಲ, ಹುಡುಕಿದರೆ ಸಿಗುವುದೂ ಇಲ್ಲ. ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿ ಕೆಲಸ ನಡೆಸುತ್ತಿದ್ದವು. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರ ಮೊದಲ ಆವೃತ್ತಿಯಲ್ಲೇ ಸಿಕ್ಕಿತ್ತು. ಮತ್ತೆ ಯಾಕೆ ಬದಲಾಗಲು ಇಷ್ಟು ವರ್ಷ? ಟೈಪಿಸ್ಟ್ ಬದಲಾದರೆ ಪ್ರೆಸ್ಸಿನವನು ತೆಗೆದುಕೊಳ್ಳಲ್ಲ. ಪ್ರೆಸ್ಸಿನಲ್ಲಿ ಪುಟ ಜೋಡಿಸಲು ಪೇಜ್‌ಮೇಕರ್ ಎಂಬ ಹಳೇ ಸಾಫ್ಟ್‌ವೇರ್. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಕನ್ನಡದ ಯೂನಿಕೋಡ್ ಗೊತ್ತಿಲ್ಲ. ಯಾರೂ ದಡ್ಡರಲ್ಲ. ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಸರಿಯಾದದ್ದನ್ನೇ ಮಾಡುತ್ತಿದ್ದಾರೆ. ಎಲ್ಲರೂ ಸೇರಿ ಹಳೇ ಗುಂಡಿಯಲ್ಲಿ ಕೂತಿದ್ದಾರೆ. ಕೀಲಿಮಣೆಯನ್ನೇನೂ ಬದಲಿಸಬೇಕಿಲ್ಲ. ಈಗಿನ ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರ ವಿನ್ಯಾಸದಲ್ಲೇ ಯೂನಿಕೋಡ್ ಟೈಪ್ ಮಾಡಬಹುದು. ಬದಲಿಸಬೇಕಾದದ್ದು ಎಲ್ಲರನ್ನೂ ಒಂದೇ ದಿನ.

ಇಂಗ್ಲಿಷ್ ಕೀಲಿಮಣೆಯ ಬಗ್ಗೆಯೂ ಇಂಥದ್ದೊಂದು ಹಳೇ ಜಗಳ ಇದೆ. ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ 1985ರಲ್ಲಿ, ಈಗ ಎಲ್ಲೆಡೆ ಇರುವ ಕ್ವರ್ಟಿ ಅಕ್ಷರ ಜೋಡಣೆ ಉಳಿದದ್ದು ಚರಿತ್ರೆಯ ಆಕಸ್ಮಿಕದಿಂದ ಅಂದ. ಮೇಲೆ ಹೇಳಿದ ಲೀಬೊವಿಟ್ಜ್ ಮತ್ತು ಮಾರ್ಗೊಲಿಸ್ 1990ರಲ್ಲಿ, ಬೇರೆ ವಿನ್ಯಾಸ ಮೇಲು ಅನ್ನುವುದಕ್ಕೆ ಗಟ್ಟಿ ಸಾಕ್ಷಿಯೇ ಇಲ್ಲ ಅಂದರು. ನಮಗೆ ಆ ಜಗಳ ಬೇಡ. ಡಿಟಿಪಿ ಅಂಗಡಿಯ ಸಾಕ್ಷಿ ಕಣ್ಣೆದುರಿಗಿದೆ.

ಈಗ ಎಲ್ಲಕ್ಕಿಂತ ಹಳೆಯ ನೆಟ್‌ವರ್ಕ್, ಭಾಷೆ. ಕಲಬುರಗಿ ಇದಕ್ಕೆ ಹೇಳಿ ಮಾಡಿಸಿದ ಊರು. ಬಟ್ಟೆ ಅಂಗಡಿಯವನು ಒಬ್ಬರಿಗೆ ಕನ್ನಡದಲ್ಲಿ ದರ ಹೇಳಿ, ಪಕ್ಕದವರಿಗೆ ದಖ್ಖನಿಯಲ್ಲಿ ಚೌಕಾಸಿ ಮಾಡಿ, ಬಾಗಿಲಲ್ಲಿ ನಿಂತವರನ್ನು ಮರಾಠಿಯಲ್ಲೋ ತೆಲುಗಿನಲ್ಲೋ ಕರೆಯುತ್ತಾನೆ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಸಾಫ್ಟ್‌ವೇರ್ ಇದೆಯಲ್ಲ, ಆ ಕೆಲಸವನ್ನು ಇವನು ಬಾಯಲ್ಲಿ ಮಾಡುತ್ತಾನೆ. ಎರಡು ಭಾಷೆ ಬಲ್ಲ ಒಬ್ಬನಿಂದ, ಒಂದೇ ಬಲ್ಲ ಹತ್ತು ಮಂದಿಗೆ ಲಾಭ. ಅದಕ್ಕೆ ಅವನಿಗೆ ಬಿಲ್ಲಿನಲ್ಲಿ ಏನೂ ಸೇರುವುದಿಲ್ಲ.

1993ರಲ್ಲಿ ಜೆಫ್ರಿ ಚರ್ಚ್ ಮತ್ತು ಇಯಾನ್ ಕಿಂಗ್ ಎಂಬಿಬ್ಬರು ಇದರ ಮೇಲೆ ಬರೆದರು. ಹೊಸ ಭಾಷೆ ಕಲಿಯುವವರು ತಮ್ಮ ಶ್ರಮ, ತಮ್ಮ ಲಾಭ ನೋಡುತ್ತಾರೆ. ಆ ಭಾಷೆಯ ಜನರಿಗೆ ಮಾತಾಡಲು ಇನ್ನೊಬ್ಬ ಸಿಕ್ಕ ಲಾಭ ಅವರ ಲೆಕ್ಕದಲ್ಲಿ ಇರುವುದಿಲ್ಲ. ಹಾಗಾಗಿ ಸಮಾಜಕ್ಕೆ ಬೇಕಾದಷ್ಟು ಜನ ಕಲಿಯದೇ ಹೋಗಬಹುದು.

ತಿರುಗಿಸಿದರೆ ಇನ್ನೂ ಕಷ್ಟದ ಚಿತ್ರ. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮಾತು ಇದೆ. ಒಂದು ಮನೆಯವರು ಮಗುವಿನ ಜೊತೆ ಇನ್ನು ಕನ್ನಡ, ಇಂಗ್ಲಿಷ್ ಅಷ್ಟೇ ಅಂತ ತೀರ್ಮಾನಿಸುತ್ತಾರೆ. ಶಾಲೆಗೆ, ಕೆಲಸಕ್ಕೆ ಅನುಕೂಲ. ಅವರ ಲೆಕ್ಕ ತಪ್ಪಲ್ಲ. ಆದರೆ ಅದೇ ತಾಂಡಾದ ಅಜ್ಜಿಗೆ ತನ್ನ ಹಾಡು ಕೇಳುವ ಒಂದು ಕಿವಿ ಕಡಿಮೆಯಾಯಿತು. ಪಕ್ಕದ ಮನೆಯವರಿಗೂ ತಮ್ಮ ಮಗುವಿಗೆ ಆ ಮಾತು ಕಲಿಸಲು ಒಂದು ಕಾರಣ ಕಡಿಮೆಯಾಯಿತು. ಹಾಸ್ಟೆಲಿನ 10 ಹುಡುಗಿಯರ ಲೆಕ್ಕ ಇಲ್ಲೂ ಓಡುತ್ತದೆ, ಇಳಿಜಾರಿನಲ್ಲಿ.

ಇಷ್ಟು ಕೇಳಿದ ಮೇಲೆ ಹುಡುಗಿ ಉತ್ಸಾಹದಲ್ಲಿ, "ಹಂಗಾದ್ರ ಇದನ್ನ ಅಳೆಯೋದು ಹ್ಯಾಂಗ ಮಾಮಾ?" ಅಂದಳು. ಸಂಶೋಧನೆಯಲ್ಲಿ ಕಾಲು ಜಾರುವುದು ಇಲ್ಲೇ.

ಸೂಪರ್ ಮಾರ್ಕೆಟಿನ ಒಂದು ಸಾಲಿನ ಅಂಗಡಿಗಳಲ್ಲೆಲ್ಲ ಸೌಂಡ್‌ಬಾಕ್ಸ್ ಇದೆ ಅಂತಿಟ್ಟುಕೊಳ್ಳಿ. ಪಕ್ಕದವನನ್ನು ನೋಡಿ ಪಕ್ಕದವನು ಇಟ್ಟ ಅಂತ ಬರೆದುಬಿಡುವುದು ಸುಲಭ. ಆದರೆ ಒಬ್ಬನೇ ಸೇಲ್ಸ್ ಹುಡುಗ ಒಂದೇ ದಿನ ಇಡೀ ಸಾಲಿಗೆ ಕೊಟ್ಟು ಹೋಗಿರಬಹುದು. ಆ ಸಾಲಿಗೆ ಬರುವ ಗಿರಾಕಿಗಳೆಲ್ಲ ಕಾಲೇಜು ಹುಡುಗರೇ ಇರಬಹುದು. ಆಗ ಪಕ್ಕದವನ ಪ್ರಭಾವ ಸೊನ್ನೆ. ಚಾರ್ಲ್ಸ್ ಮ್ಯಾನ್‌ಸ್ಕಿ 1993ರಲ್ಲಿ ಇದಕ್ಕೆ ಕನ್ನಡಿಯ ಹೋಲಿಕೆ ಕೊಟ್ಟ. ಮನುಷ್ಯನೂ ಕನ್ನಡಿಯ ಬಿಂಬವೂ ಒಟ್ಟಿಗೆ ಅಲುಗಾಡುವುದನ್ನು ಮಾತ್ರ ನೋಡಿದವನಿಗೆ, ಯಾರು ಯಾರನ್ನು ಅಲುಗಾಡಿಸುತ್ತಿದ್ದಾರೆ ಅಂತ ಹೇಳಲಾಗದು.

ದಾರಿ ಇಲ್ಲ ಅಂತಲ್ಲ. ಯಾರು ಯಾವ ತಿಂಗಳು ಇಟ್ಟರು ಅಂತ ಕ್ರಮ ಕೇಳಿ. ಒಬ್ಬರಿಗೆ ತಾಗಿ ಪಕ್ಕದವರಿಗೆ ನೇರ ತಾಗದ ಒಂದು ಕಾರಣ ಹುಡುಕಿ, ಆಮೇಲೆ ಪಕ್ಕದವರು ಬದಲಾದರಾ ನೋಡಿ. ನೋಟು ರದ್ದತಿಯ ಅಧ್ಯಯನ ಬಳಸಿಕೊಂಡದ್ದೂ ಒಂದು ರೀತಿ ಇದೇ ಉಪಾಯ. ಬಿಟ್ಟವರನ್ನೂ ಕೇಳಿ. ಬಿಟ್ಟವರು ಯಾವ ಫಾರ್ಮಿನಲ್ಲೂ ಸಿಗುವುದಿಲ್ಲ.

ಅಲ್ಲಿಗೆ ಮತ್ತೆ ಗೂಗಲ್ ಫಾರ್ಮಿಗೇ ಬಂದೆವು.

"ನೋಡವಾ, ಈ ಫಾರ್ಮ್ ಯಾರಿಗೆ ಮುಟ್ಟತದ?"

"ಎಲ್ಲಾರಿಗೂ ಮಾಮಾ. ಈಗ ಎಲ್ಲಾರೂ ವಾಟ್ಸಾಪ್‌ನಾಗೇ ಅದಾರ."

"ಯಾರು ಇಲ್ಲೋ ಅವರಿಗೆ ಹ್ಯಾಂಗ ಕಳಸ್ತಿ?"

ಸುಮ್ಮನಾದಳು. ನೆಟ್‌ವರ್ಕಿನ ಬಗ್ಗೆ ನೆಟ್‌ವರ್ಕಿನ ಒಳಗಿನವರನ್ನೇ ಕೇಳಿದರೆ ಹೊರಗಿನವರಿಗೆ ಏನಾಯಿತು ಅಂತ ಹೇಗೆ ಗೊತ್ತಾಗುತ್ತದೆ? ಕ್ಲಾಸಿನ ಸೂಚನೆಗಳೆಲ್ಲ ಗ್ರೂಪಿನಲ್ಲೇ ಬರಲು ಶುರುವಾದ ದಿನ ನೋಟಿಸ್ ಬೋರ್ಡ್ ಸಾಯುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಹುಡುಗ ಏನೂ ಬದಲಿಸಿಲ್ಲ. ನಿನ್ನೆಯವರೆಗೆ ಅವನಿಗೆ ಸಿಗುತ್ತಿದ್ದ ಸುದ್ದಿ ಇವತ್ತು ಸಿಗುವುದಿಲ್ಲ. ಬೇರೆಯವರು ಸೇರಿದ್ದಕ್ಕೆ ಅವನು ಬೆಲೆ ತೆತ್ತ.

ಮುಂದಿನ ವಾರ ಅವಳು ಲ್ಯಾಪ್‌ಟಾಪ್ ಮನೆಯಲ್ಲಿಟ್ಟು, ಒಂದು ನೋಟ್‌ಬುಕ್ ಹಿಡಿದು ಮಾರ್ಕೆಟಿಗೆ ಹೋದಳು. ಸಂಜೆ ಬಂದು ಒಬ್ಬ ಕಾಯಿಪಲ್ಲೆ ಮಾರುವ ಹೆಣ್ಣುಮಗಳ ಮಾತು ಓದಿ ಹೇಳಿದಳು. ಬುಟ್ಟಿಯ ಪಕ್ಕ ಕ್ಯೂಆರ್ ಹಾಳೆ ಇತ್ತಂತೆ. ಇಟ್ಟದ್ದು ಯಾಕೆ ಅಂದರೆ, ಗಿರಾಕಿಗಳು ಚಿಲ್ಲರೆ ತರುವುದನ್ನೇ ಬಿಟ್ಟಿದ್ದಾರೆ, ಹಾಳೆ ಇಲ್ಲದಿದ್ದರೆ ಮುಂದಿನ ಬುಟ್ಟಿಗೆ ಹೋಗುತ್ತಾರೆ. ಬ್ಯಾಂಕ್ ಖಾತೆ ಮಗನದು, ಫೋನೂ ಮಗನದು.

"ಮೊದಲು ಸಂಜೀಕ್ ಸೆರಗಿನ ಗಂಟು ಬಿಚ್ಚಿ ನಾನೇ ಎಣಸ್ತಿದ್ದೆ. ಈಗ ಅವಂಗ ಕೇಳಬೇಕು. ಖರ್ಚಾತು ಅಂತಾನ."

ಫಾರ್ಮಿನ ಮೊದಲ ಪ್ರಶ್ನೆ, ಯಾವ ಆ್ಯಪ್ ಬಳಸುತ್ತೀರಿ ಅನ್ನುವುದು, ಹುಡುಗಿ ಅಲ್ಲೇ ಪೆನ್ನಿನಿಂದ ಹೊಡೆದು ಹಾಕಿದ್ದಳು. ಅದರ ಕೆಳಗೆ ಬರೆದುಕೊಂಡದ್ದು ಇಷ್ಟು: ದುಡ್ಡು ಯಾರ ಫೋನಿಗೆ ಹೋಗುತ್ತದೆ?